ಕಿಂಡಿಯ ಮಾತು

ಗದಗ
ಮಂಗಳವಾರ ರಾತ್ರಿ

ಚಿರಂಜೀವಿ ಸುಜಾತಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನಾನು ಆಡಿದ ಮಾತು ಸರಿಯಿರಲಿಲ್ಲ. ಮಕ್ಕಳ ಕೈಗೆ ಗೂಬೆಯ ಎಲುಬು ಕೊಟ್ಟರೆಂದು ಊರವರು ದೂರಿದ್ದಾರೆ, ಶನಿವಾರ ನಿನ್ನ ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕರೆದಿದ್ದಾರೆ ಎಂದು ನೀನು ಹೇಳಿದ ಕೂಡಲೇ, ಏನು ಎತ್ತ ಕೇಳದೆ, "ಆ ಅಪಶಕುನದ ಉಸಾಬರಿ ನಿನಗೇಕೆ?" ಎಂದುಬಿಟ್ಟೆ. "ಗೋಡೌನಿನ ಕಿಂಡಿ ಮುಚ್ಚಿಸಿದವರು ನೀವೇ ಅಲ್ಲವೇ ಅಪ್ಪಾ" ಎಂದು ಕೇಳಿ ನೀನು ಫೋನ್ ಇಟ್ಟೆ. ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ನೀನು ಆ ಮಾತು ಎತ್ತಿರಲಿಲ್ಲ.

ನೀನು ಕಳಿಸಿದ ವಿಡಿಯೊವನ್ನು ಇವತ್ತು ಅಂಗಡಿಯಲ್ಲಿ ಕುಳಿತು ಮೂರು ಸಲ ನೋಡಿದೆ. ಹಳೆಯ ಪೇಪರಿನ ಮೇಲೆ ಆ ಕರಿಯ ಉಂಡೆ, ಸುತ್ತ ಮಕ್ಕಳ ತಲೆಗಳು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ, ಕೂದಲು ಎಲುಬು ಅರಗುವುದಿಲ್ಲ, ಅವನ್ನು ಉಂಡೆ ಕಟ್ಟಿ ಬಾಯಿಂದಲೇ ಹೊರಗೆ ಹಾಕುತ್ತದೆ ಎಂದು ನೀನು ಹೇಳುತ್ತಿದ್ದೆ. ಅಷ್ಟರಲ್ಲಿ ಆ ಗುಂಗುರು ಕೂದಲಿನ ಹುಡುಗ ಸೂಜಿಯಿಂದ ಬಿಡಿಸಿ ಬಿಡಿಸಿ ಒಂದು ತಲೆಬುರುಡೆ ತೆಗೆದ. ಮುಂದಿನ ಎರಡು ಹಲ್ಲು ಹಳದಿಯಾಗಿ ಹಾಗೆಯೇ ಇದ್ದವು. "ಅಕ್ಕೋರೇ, ನಮ್ಮ ಹೊಲದ ಶೇಂಗಾ ತಿಂದದ್ದು ಇದೇ" ಎಂದ. ಪಕ್ಕದಲ್ಲಿದ್ದ ಹಮಾಲರನ್ನು ಕರೆದು ಅವರಿಗೂ ತೋರಿಸಿದೆ. ನನ್ನ ಮಗಳು ಎಂದೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿ ಒಣ ಎಲೆಯ ಸದ್ದು ಹಿಡಿದು ಬೆರಳು ತೋರಿಸಿದ್ದನ್ನೂ ನೋಡಿದೆ. ಕಣಜದ ಗೂಬೆಯ ಒಂದು ಕಿವಿ ಮೇಲೆ, ಒಂದು ಕೆಳಗೆ ಇರುತ್ತದೆ, ಅದರಿಂದಲೇ ಕತ್ತಲಲ್ಲೂ ಇಲಿ ಎಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಮೂವತ್ತು ವರ್ಷ ಹೆಸರುಕಾಳು, ಶೇಂಗಾದ ಅಡತಿ ವ್ಯಾಪಾರ ಮಾಡಿದವನಿಗೆ.

ಈಗ ಕಿಂಡಿಯ ಮಾತು. ಆ ವರ್ಷ ನಿಮ್ಮ ಅವ್ವ ಹಾಸಿಗೆ ಹಿಡಿದಿದ್ದಳು. ಮುಂದಿನದನ್ನು ಬರೆಯುವುದಿಲ್ಲ, ನಿನಗೂ ಗೊತ್ತು. ಗೋಡೌನಿನ ಹಿಂದಿನ ಗೋಡೆಯಲ್ಲಿ ಗೂಬೆ ಕೂತಿದೆ, ಮನೆಗೆ ಒಳ್ಳೆಯದಲ್ಲ ಎಂದು ಒಬ್ಬರಲ್ಲ, ಹತ್ತು ಜನ ಹೇಳಿದರು. ಗೌಂಡಿಯನ್ನು ಕರೆಸಿ, ಇಟ್ಟಿಗೆ ಇಡಿಸಿ, ಸಿಮೆಂಟು ಮೆತ್ತಿಸಿದೆ. "ಗೂಬೆ ಎಲ್ಲಿ ಹೋಯಿತು?" ಎಂದು ನೀನು ಕೇಳಿದೆ. ಹಾರಿಹೋಯಿತು ಎಂದೆ.

ಆ ರಾತ್ರಿ ಲಾರಿ ಬರುವುದಿತ್ತು, ನಾನು ಗೋಡೌನಿನಲ್ಲೇ ಇದ್ದೆ. ತಗಡಿನ ಮೇಲೆ ಏನೋ ಕುಳಿತ ಸದ್ದಾಯಿತು. ಹೊರಗೆ ಬಂದು ಟಾರ್ಚ್ ಹಾಕಿದರೆ ಆ ಬಿಳಿ ಮುಖ, ಕೊಕ್ಕಿನಲ್ಲಿ ಇಲಿ. ಹಸಿ ಸಿಮೆಂಟಿನ ಕಡೆಗೇ ಕತ್ತು ತಿರುಗಿಸಿ ನೋಡುತ್ತಿತ್ತು. ಮರುರಾತ್ರಿಯೂ ಬಂತು, ಆಗಲೂ ಕೊಕ್ಕಿನಲ್ಲಿ ಇಲಿ ಇತ್ತು. ಗೋಡೆಗೆ ಕಿವಿ ಕೊಟ್ಟೆ. ಒಳಗೆ ಬುಸ್ ಬುಸ್ ಎಂದು, ಯಾರೋ ಗೊರಕೆ ಹೊಡೆದಂತೆ ಸದ್ದು. ಹಾವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾವಲ್ಲ ಎಂದು ಗೊತ್ತಿತ್ತು ಸುಜಾತಾ. ಕಿಂಡಿಯ ಕೆಳಗೆ ಬಿಳಿ ಪುಕ್ಕದ ತುಣುಕುಗಳು ಬಿದ್ದದ್ದನ್ನು ಗೌಂಡಿ ಮೊದಲೇ ತೋರಿಸಿದ್ದ. ಸಿಮೆಂಟು ಇನ್ನೂ ಹಸಿಯಾಗಿತ್ತು, ಒಂದು ಹಾರೆಕೋಲು ಸಾಕಿತ್ತು. ಹಾರೆಕೋಲು ಬಾಗಿಲ ಹಿಂದೆಯೇ ಇತ್ತು. ನಾನು ಒಳಗೆ ಹೋಗಿ ಚೀಲದ ಮೇಲೆ ಮಲಗಿದೆ. ಮೂರನೆಯ ರಾತ್ರಿ ಸದ್ದಿರಲಿಲ್ಲ. ತಗಡಿನ ಮೇಲೆ ಮಾತ್ರ ಮತ್ತೆ ಬಂದು ಕುಳಿತಿತ್ತು.

ನೀನು ಕೇಳಿದ್ದು ಕಿಂಡಿ ಮುಚ್ಚಿದ್ದನ್ನು ಮಾತ್ರ. ಒಳಗೆ ಮರಿಗಳಿದ್ದವು, ಗೊತ್ತಿದ್ದೂ ಸುಮ್ಮನಿದ್ದೆ. ಇದನ್ನು ನಿಮ್ಮ ಅವ್ವನಿಗೂ ಹೇಳಲಿಲ್ಲ. ತಪ್ಪಾಯಿತು ಎಂದು ಬರೆದರೆ ಅದು ಬಹಳ ಸಣ್ಣ ಮಾತು, ಆದರೂ ಬರೆಯುತ್ತೇನೆ. ತಪ್ಪಾಯಿತು ಮಗಳೇ.

ಶನಿವಾರದ ಸಭೆಯ ಬಗ್ಗೆ ಉಪದೇಶ ಮಾಡಬಾರದು ಎಂದುಕೊಂಡೇ ಪೆನ್ನು ಹಿಡಿದೆ, ಆದರೂ ಕೇಳು. ಹಿರಿಯರ ಬಾಯಿ ಮುಚ್ಚಿಸಲು ಹೋಗಬೇಡ. ವಿಜ್ಞಾನ ಎಂದು ಶುರು ಮಾಡಬೇಡ, ಹಾಲಕ್ಕಿಯಿಂದ ಶುರು ಮಾಡು. ಹಾಲಕ್ಕಿ ಶುಭ ನುಡಿಯಿತು ಎಂದು ಬುಡಬುಡಿಕೆಯವನು ಹೇಳಿದರೆ ಮೊರದ ತುಂಬ ಜೋಳ ಹಾಕುತ್ತೇವೆ, ಆ ಹಾಲಕ್ಕಿಯೂ ಒಂದು ಸಣ್ಣ ಗೂಬೆಯೇ ಎಂದು ಹೇಳು. ಬಂಗಾಳದಲ್ಲಿ ಲಕ್ಷ್ಮಿಯ ಪಾದದ ಬಳಿ ಗೂಬೆಯನ್ನು ಕೂರಿಸುತ್ತಾರೆ ಎಂದು ಹೇಳು. ಆಮೇಲೆ ಇಲಿಯ ಲೆಕ್ಕ ತೆಗೆ, ರೈತನಿಗೆ ಅದು ತಟ್ಟನೆ ತಿಳಿಯುತ್ತದೆ. ಹೊಲದಲ್ಲಿ ಪಾಷಾಣ ಇಟ್ಟರೆ ಅದನ್ನು ತಿಂದ ಇಲಿಯನ್ನು ಹಿಡಿದ ಗೂಬೆಯೂ ಸಾಯಬಹುದು ಎಂಬುದನ್ನು ಬಿಡಬೇಡ. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಕೊನೆಗೆ ಹೇಳು, ಮೊದಲು ಹೇಳಿದರೆ ಬೆದರಿಕೆಯಂತೆ ಕೇಳಿಸುತ್ತದೆ. ಮಕ್ಕಳು ಉಂಡೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದರು ತಾನೆ? ವಿಡಿಯೊದಲ್ಲಿ ಕಾಣಲಿಲ್ಲ. ತಾಯಂದಿರು ಮೊದಲು ಕೇಳುವುದೇ ಅದನ್ನು. ಶಾಲೆಯ ಉಗ್ರಾಣದ ಗೂಡಿನ ಹತ್ತಿರ ರಾತ್ರಿ ಮೊಬೈಲ್ ಲೈಟು ಹಿಡಿದು ಯಾರನ್ನೂ ಬಿಡಬೇಡ, ನೀನೂ ಒಬ್ಬಳೇ ಹೋಗಬೇಡ. ಕತ್ತಲಾದ ಮೇಲೆ ಆ ಊರಿನಿಂದ ಬಸ್ಸಿಲ್ಲ ಎಂಬ ಚಿಂತೆ ನನಗೆ ಗೂಬೆಗಿಂತ ದೊಡ್ಡದು.

ಸಭೆಯಲ್ಲಿ ಗೋಡೌನಿನ ಕಥೆ ಹೇಳಬೇಕೆನಿಸಿದರೆ ಹೇಳು. ಯಾರೋ ಒಬ್ಬರು ಎನ್ನಬೇಡ, ನನ್ನ ಹೆಸರು ಹಿಡಿದೇ ಹೇಳು. ನಾನು ಬರುವುದು ಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಮುಂಜಾನೆಯ ಮೊದಲ ಬಸ್ಸಿಗೆ ಹೊರಡುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಫೋನ್ ಮಾಡಲು ಮನಸ್ಸಿಲ್ಲದಿದ್ದರೆ ಎರಡಕ್ಷರ ಮೆಸೇಜು ಹಾಕು.

ನಿನ್ನ
ಅಪ್ಪ