ಹಂದಿ ಏನು ತಿನ್ನುತ್ತೆ ಅಂತ ಮೊದ್ಲು ಕೇಳು

ಚಿ. ಪಲ್ಲವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಕಾಡುಪ್ರಾಣಿಗಳಿಗೆ ವಿಕಿರಣದಿಂದ ಎಷ್ಟು ಅಪಾಯ ಅನ್ನೋದ್ರ ಮೇಲೇ ಪ್ರಾಜೆಕ್ಟ್ ಮಾಡ್ತೀನಿ ಅಂತ ನೀನು ಬರೆದಿದ್ದು ಓದಿ ತುಂಬಾ ಖುಷಿ ಆಯ್ತಮ್ಮ. ಮನುಷ್ಯನ್ನ ಕಾಪಾಡಿದ್ರೆ ಬೇರೆ ಜೀವಿಗಳೂ ಸೇಫ್ ಅಂತ ಐಸಿಆರ್‌ಪಿ (ವಿಕಿರಣದಿಂದ ರಕ್ಷಣೆಗೆ ಶಿಫಾರಸು ಮಾಡೋ ಅಂತರರಾಷ್ಟ್ರೀಯ ಆಯೋಗ) 1977ರಲ್ಲಿ ಹೇಳಿದ್ದನ್ನೇ ನಮ್ ಕಾಲದಲ್ಲಿ ಎಲ್ರೂ ಹಿಡ್ಕೊಂಡಿದ್ರು, ಜಿಂಕೆ ಇಲಿ ಕಪ್ಪೆ ಎರೆಹುಳು ಪೈನ್ ಮರ ಅಂತ 12 ಮಾದರಿ ಜೀವಿಗಳನ್ನ ಇಟ್ಕೊಂಡು ಲೆಕ್ಕ ಹಾಕೋ ದಾರಿ ಬಂದಿದ್ದು 2008ರಲ್ಲಿ.

ನಾನು ಹೇಳೋದು ಒಂದೇ, ಸಾಫ್ಟ್‌ವೇರ್ ತೆಗಿಯೋ ಮುಂಚೆ ಆ ಪ್ರಾಣಿ ಎಲ್ಲಿರುತ್ತೆ, ಏನು ತಿನ್ನುತ್ತೆ ಅಂತ ತಿಳ್ಕೋ. ಜರ್ಮನಿಯ ಬವೇರಿಯಾದ ಕಾಡುಹಂದಿ ವಿಷಯಾನೇ ನೋಡು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಹೊರಬಂದ ಸೀಸಿಯಂ ಅನ್ನೋ ವಿಕಿರಣಶೀಲ ವಸ್ತು ಮಳೆ ಜೊತೆ ಅಲ್ಲಿನ ಕಾಡಿಗೂ ಬಿತ್ತು, ಜಿಂಕೆ ಮಾಂಸದಲ್ಲಿ ವರ್ಷ ಕಳೀತಾ ಅದು ಇಳೀತು, ಹಂದೀದು ಮಾತ್ರ ಇಳೀಲೇ ಇಲ್ಲ. ಯಾಕಂದ್ರೆ ಚಳಿಗಾಲದಲ್ಲಿ ಬೇರೆ ಮೇವು ಸಿಗದಿದ್ದಾಗ ಹಂದಿ ಮೂತಿಲಿ ನೆಲ ಅಗೆದು ಮಣ್ಣೊಳಗೆ ಬೆಳೆಯೋ ಒಂದು ಜಾತಿ ಅಣಬೆ ತಿನ್ನುತ್ತೆ, ಮೇಲೆ ಬಿದ್ದ ಸೀಸಿಯಂ ನಿಧಾನಕ್ಕೆ ಕೆಳಗಿಳಿದು ಆ ಅಣಬೆ ಇರೋ ಆಳಕ್ಕೇ ಬಂದು ಸೇರ್ಕೊಳ್ತಾ ಇತ್ತು. 2023ರಲ್ಲಿ ಸೀಸಿಯಂನ ಎರಡು ಬಗೆಗಳಾದ 135 ಮತ್ತು 137ರ ಅನುಪಾತ (ಅದು ಎಲ್ಲಿಂದ ಬಂತು ಅಂತ ಹೇಳೋದು ಇದೇ) ಅಳೆದು ನೋಡಿದ್ರೆ ಅದ್ರಲ್ಲಿ ಒಳ್ಳೇ ಪಾಲು ಚೆರ್ನೋಬಿಲ್‌ದೇ ಅಲ್ಲ, ಅದಕ್ಕೂ ಹಿಂದಿನ ಅಣುಬಾಂಬ್ ಪರೀಕ್ಷೆಗಳದ್ದು ಅಂತ ಗೊತ್ತಾಯ್ತು. ಮೇಲ್ಮಣ್ಣು ಮಾತ್ರ ಅಳೆದು ಕೂತಿದ್ರೆ ಇದ್ಯಾವ್ದೂ ಸಿಗ್ತಿರ್ಲಿಲ್ಲ.

ಇನ್ನೊಂದು, ಜರ್ಮನಿಲಿ ಮಾಂಸಕ್ಕೆ ಕೆಜಿಗೆ 600 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದ್ರೆ ಒಂದು ಬೆಕೆರೆಲ್) ಅಂತ ಮಿತಿ ಇದೆಯಲ್ಲ, ಅದು ತಿನ್ನೋ ಮನುಷ್ಯನಿಗೆ ಇರೋದು, ಹಂದಿಗಲ್ಲ. ಮೈಯಲ್ಲಿ ಕೆಜಿಗೆ 10,000 ಬೆಕೆರೆಲ್ ಸೀಸಿಯಂ 137 ಇರೋ ಹಂದಿನ ತಗೊಂಡು ನೀನೇ ಲೆಕ್ಕ ಹಾಕು, ಒಳಗಿನಿಂದ ಅದಕ್ಕೆ ಸಿಗೋ ಡೋಸ್ ಗಂಟೆಗೆ ಸುಮಾರು 3 ಮೈಕ್ರೋಗ್ರೇ (ಮೈ ಹೀರ್ಕೊಳ್ಳೋ ವಿಕಿರಣದ ಅಳತೆ), ಜೀವಿಗಳ ಡೋಸ್ ಲೆಕ್ಕ ಹಾಕೋ ಎರಿಕಾ ಸಾಫ್ಟ್‌ವೇರ್‌ನಲ್ಲಿ ಮೊದಲ ಜರಡಿಗೆ ಇಟ್ಟಿರೋದು 10. ಹೊರಗಿನ ಡೋಸ್ ಬೇರೆ ಸೇರಿಸ್ಬೇಕು, ಮರೀಬೇಡ. ಮತ್ತೆ ಆ 10 ದಾಟಿದ್ರೆ ಪ್ರಾಣಿ ಸತ್ತೇ ಹೋಗುತ್ತೆ ಅಂತಲ್ಲ, ಇನ್ನೂ ಆಳವಾಗಿ ನೋಡ್ಬೇಕು ಅಂತ ಅಷ್ಟೇ.

ಎಲ್ಲಾ ಜೀವಿಗೂ ಒಂದೇ ಅಳತೆ ನಡಿಯಲ್ಲ. ಚೆರ್ನೋಬಿಲ್ ಪಕ್ಕದ ಪೈನ್ ಕಾಡು ಕೆಂಪಾಗಿ ಒಣಗಿಹೋಯ್ತು, ಅಲ್ಲೇ ಇದ್ದ ಬರ್ಚ್ ಮರಗಳು ಎಷ್ಟೋ ಉಳ್ಕೊಂಡ್ವು. ಚೆರ್ನೋಬಿಲ್ ಸುತ್ತ ಜನರನ್ನ ತೆರವು ಮಾಡಿಸಿದ ಪ್ರದೇಶದ ಬೆಲಾರುಸ್ ಭಾಗದಲ್ಲಿ ತೋಳಗಳು ಸುತ್ತಲಿನ ಬೇರೆ ಅಭಯಾರಣ್ಯಗಳಿಗಿಂತ 7 ಪಟ್ಟು ಜಾಸ್ತಿ ಇವೆ ಅಂತ 2015ರಲ್ಲಿ ಬಂತು, ಅದನ್ನ ಹಿಡ್ಕೊಂಡು ವಿಕಿರಣದಿಂದ ಏನೂ ಆಗಲ್ಲ ಅಂತ ವಾದ ಮಾಡೋರು ನಿನಗೂ ಸಿಕ್ತಾರೆ. ಜನ ಹೋದ್ರು, ಬೇಟೆ ನಿಂತ್ಹೋಯ್ತು, ಸಂಖ್ಯೆ ಬೆಳೀತು, ಆದ್ರೆ ಒಂದೊಂದು ತೋಳದ ಆರೋಗ್ಯ ಹೇಗಿದೆ ಅನ್ನೋದು ಬೇರೆ ಪ್ರಶ್ನೆ, ಎರಡನ್ನೂ ಕಲಸ್ಬೇಡ.

ಕೈಗಾ ಹತ್ರ ಕಾಳಿ ನದಿ ಮೀನು ತಗೋಬೇಕು ಅಂತ ಬರ್ದಿದ್ದೀಯ, ಒಳ್ಳೇದು. ಅಲ್ಲಿರೋದು ಭಾರಜಲದ ರಿಯಾಕ್ಟರ್‌ಗಳು, ಹಾಗಾಗಿ ಅವುಗಳಲ್ಲಿ ಹುಟ್ಟೋ ಟ್ರಿಟಿಯಮ್ (ವಿಕಿರಣ ಸೂಸೋ ಜಲಜನಕ) ಮೊದ್ಲು ನೋಡು. ಎರಿಕಾ ಹುಟ್ಟಿದ್ದು ಯುರೋಪಿನಲ್ಲಿ, ಅದ್ರೊಳಗಿರೋ ಸಿದ್ಧ ಅಂಕಿಗಳು ನಮ್ಮ ಕೆಂಪು ಮಣ್ಣಿಗೂ ಘಟ್ಟದ ಮಳೆಗೂ ಸರಿಹೊಂದ್ತವೆ ಅಂತ ನಂಬ್ಕೊಂಡು ಕೂರ್ಬೇಡ, ಮೀನೂ ಅದೇ ಜಾಗದ ನೀರೂ ಒಟ್ಟಿಗೇ ತಗೊಂಡು ಅಳೆದು ನೋಡು. ತೂಕ ಹಸೀದೋ ಒಣಗಿಸಿದ್ದೋ ಅಂತ ಪ್ರತಿ ಸ್ಯಾಂಪಲ್ ಮೇಲೂ ಬರಿ ಕಂದಾ, ಅಣಬೆಯಂಥದ್ರಲ್ಲಿ ನೀರೇ ನೂರಕ್ಕೆ ತೊಂಬತ್ತು ಇರುತ್ತೆ, ಅಲ್ಲಿ ತಪ್ಪಿದ್ರೆ ಉತ್ತರ ಹತ್ತು ಪಟ್ಟು ಆಚೀಚೆ ಆಗ್ಬಿಡುತ್ತೆ.

ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಸ್ಯಾಂಪಲ್ ತೆಗಿಯೋಕೆ ಗೈಡ್ ಹತ್ರ ಈಗ್ಲೇ ಕೇಳ್ಕೋ. ಮೀನಿನ ಪಟ್ಟಿ ರೆಡಿ ಆದ್ಮೇಲೆ ನಂಗೆ ಕಳ್ಸು, ಯಾವ್ದು ಕೆಸರು ತಿನ್ನೋದು ಯಾವ್ದು ಸಣ್ಣ ಮೀನು ಹಿಡಿಯೋದು ಅಂತ ಪಕ್ಕದಲ್ಲೇ ಬರ್ದಿಡು.

ಇಂತಿ ನಿನ್ನ ಚಿಕ್ಕಪ್ಪ