ಗಾಜಿನ ಟಚ್ ಪ್ಯಾನಲ್ ಬ್ಯಾಡ ಪುಟ್ಟಾ

ವಿದ್ಯಾನಗರ, ದಾವಣಗೆರೆ

ಪುಟ್ಟಾ,

ಹೊಸ ಮನೆಗೆ ಫೋನಿಂದ್ಲೂ ಆಡಿಸೋ ಸ್ಮಾರ್ಟ್ ಸ್ವಿಚ್ಚು ಅಂತ ನೀನು ವಾಟ್ಸಾಪಲ್ಲಿ ಹಾಕಿದ ಕೊಟೇಶನ್ ಓದಿದೆ. ಹಾಲು, ಬೆಡ್‌ರೂಮು, ಅಡಿಗೆಮನೆ, ಕೊನೆಗೆ ದೇವರಮನೆಗೂ ಕರೀ ಗಾಜಿನ ಟಚ್ ಪ್ಯಾನಲ್ ಬರ್ದವ್ರಲ್ಲೋ, ದೇವರಿಗೆ ಯಾಕಪ್ಪ ಅದು? ಫೋನಲ್ಲಿ ಹೇಳಾಣ ಅಂದ್ರೆ ಅರ್ಧಕ್ಕೇ ಮೀಟಿಂಗು ಅಂತ ಇಟ್ಬಿಡ್ತೀಯಾ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದು. ಪಾಲಿಟೆಕ್ನಿಕ್ಕಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡ್ಕೊಂಡು ರಿಟೈರ್ ಆದೋಳು ನಾನು, ಈಗ ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ, ಅದರ ಮೇಲೆ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಮನೆ ಲೈಟು ಆಡಿಸ್ತಿರೋದನ್ನ ನೀನೇ ನೋಡೀಯ, ಹಂಗಾಗಿ ದೊಡ್ಡಮ್ಮನಿಗೆ ಇದೆಲ್ಲ ಏನ್ ಗೊತ್ತು ಅನ್ನಂಗಿಲ್ಲ.

ನಾನು ಹೇಳೋದು ಇಷ್ಟೇ, ಗೋಡೆ ಮೇಲಿರೋದು ಮೊದ್ಲು ಸ್ವಿಚ್ಚಾಗಿರ್ಬೇಕು, ಸ್ಮಾರ್ಟು ಗೀರ್ಟು ಎಲ್ಲ ಆಮೇಲೆ. ಇಂಟರ್ನೆಟ್ ಹೋಗಿರ್ಲಿ, ರೂಟರ್ ಸುಟ್ಟಿರ್ಲಿ, ನಿನ್ನ ಸರ್ವರ್ ಹ್ಯಾಂಗ್ ಆಗಿರ್ಲಿ, ನೀನು ಬೆಂಗಳೂರಲ್ಲಿ ಕೂತಿರು, ರಾತ್ರಿ ಎರಡಕ್ಕೆ ಅಜ್ಜಿ ಬಚ್ಚಲಿಗೆ ಅಂತ ಎದ್ದು ಕತ್ತಲಲ್ಲಿ ಗೋಡೆ ಸವರಿ ಒತ್ತಿದ್ರೆ ಲೈಟ್ ಹತ್ತಬೇಕು. ಗಾಜಿನ ಪ್ಯಾನಲ್ ಕೈಗೆ ಸಿಗಲ್ಲ, ಎಲ್ಲಾ ಕಡೆ ನುಣ್ಣಗೇ ಇರುತ್ತೆ, ಹುಡುಕ್ತಾ ಹುಡುಕ್ತಾ ಮೂರು ಲೈಟು ಒಂದು ಫ್ಯಾನು ಹಾಕಿರ್ತಾರೆ. ನಿಮ್ಮಮ್ಮ ರೊಟ್ಟಿ ಬಡಿಯೋ ಕೈಯಲ್ಲಿ ಮುಟ್ಟಿದ್ರೆ ಹಿಟ್ಟಿನ ಗುರುತು ಬೇರೆ. ಅದಕ್ಕಿಂತ ದೊಡ್ಡ ತಾಪತ್ರಯ ಏನಂದ್ರೆ, ಪ್ಯಾನಲ್ಲಿನ ಒಂದೇ ಸರ್ಕ್ಯೂಟ್ ಬೋರ್ಡಲ್ಲಿ ಆರು ಪಾಯಿಂಟ್ ಕೂರಿಸಿರ್ತಾರೆ, ಅದು ಕೆಟ್ಟ ದಿನ ಆರೂ ಹೋಗುತ್ತೆ, ನಾಲ್ಕು ವರ್ಷ ಬಿಟ್ಟು ಅದೇ ಮಾಡೆಲ್ ಸಿಗುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ, ಬೇರೆ ಕಂಪನಿದು ಆ ಕಿಂಡಿಗೆ ಕೂರಲ್ಲ.

ಕಮ್ಮಿ ಖರ್ಚಿನ ದಾರಿ ಹೇಳ್ತೀನಿ ಕೇಳು. ಮಾಮೂಲಿ ಮಾಡ್ಯುಲರ್ ಸ್ವಿಚ್ಚು ತಗೋ, ಐಎಸ್‌ಐ ಮಾರ್ಕ್ ಇರೋದು, ಅಶೋಕ ರಸ್ತೆ ಕಡೆ ಯಾವ ಎಲೆಕ್ಟ್ರಿಕಲ್ ಅಂಗಡೀಲಿ ಕೇಳಿದ್ರೂ ಕೊಡ್ತಾರೆ. ಅದರ ಹಿಂದೆ, ಗೋಡೆ ಬಾಕ್ಸ್ ಒಳಗೆ, ಬೆಂಕಿಪೊಟ್ಟಣದಷ್ಟು ಸಣ್ಣ ರಿಲೇ ಮಾಡ್ಯೂಲ್ ಕೂರುತ್ತೆ, ಅಂದ್ರೆ ಸ್ವಿಚ್ಚಿನ ಮಾತೂ ಫೋನಿನ ಮಾತೂ ಕೇಳಿ ಲೈಟ್ ಹಾಕಿ ಆರಿಸೋ ಡಬ್ಬಿ. ಫೇಸು ಅಂದ್ರೆ ಕರೆಂಟ್ ಬರೋ ವೈರು, ನ್ಯೂಟ್ರಲ್ಲು ಅಂದ್ರೆ ವಾಪಸ್ ಹೋಗೋ ವೈರು, ಎರಡೂ ಅದಕ್ಕೆ ಹೋಗುತ್ತೆ, ಲೈಟಿನ ವೈರು ಅದರಿಂದ ಹೊರಡುತ್ತೆ, ನಿನ್ನ ಮಾಮೂಲಿ ಸ್ವಿಚ್ಚು ಅದಕ್ಕೆ ಬರೀ ಸೂಚನೆ ಕೊಡುತ್ತೆ. ಮಾಡ್ಯೂಲ್ ಕೆಟ್ರೆ ಅದನ್ನ ಬಿಚ್ಚಿ ವೈರು ನೇರ ಸ್ವಿಚ್ಚಿಗೆ ಕೊಟ್ರೆ ಆಯ್ತು, ಮನೆ ಕತ್ತಲಾಗಲ್ಲ, ಗೋಡೆ ಒಡೆಯಂಗಿಲ್ಲ, ನೋಡೋರಿಗೆ ಒಳಗೆ ಏನಿದೆ ಅಂತಾನೂ ಗೊತ್ತಾಗಲ್ಲ. ಸಿಂಗಲ್ ಮಾಡ್ಯೂಲ್ ಸಾವಿರದ ಆಜುಬಾಜು ಬೀಳುತ್ತೆ, ಎರಡು ಲೈಟು ಆಡಿಸೋ ಎರಡು ಚಾನಲ್‌ದು ತಗೊಂಡ್ರೆ ಪಾಯಿಂಟ್ ಲೆಕ್ಕದಲ್ಲಿ ಇನ್ನೂ ಕಮ್ಮಿ.

ಈಗ ನಿನ್ನ ಮನೆ ಪ್ಲಾಸ್ಟರಿಂಗ್ ಹಂತದಲ್ಲಿ ಐತೆ ಅಲ್ವಾ, ಅದು ನಿನ್ನ ಪುಣ್ಯ, ಯಾಕಂದ್ರೆ ಇದರಲ್ಲಿ ಮುಖ್ಯವಾದ ಐಟಮ್ಮು ಮಾಡ್ಯೂಲ್ ಅಲ್ಲ, ನ್ಯೂಟ್ರಲ್ ವೈರು. ರಿಲೇ ಬದುಕಿರೋಕೆ ಅದಕ್ಕೇ ಸ್ವಲ್ಪ ಕರೆಂಟ್ ಬೇಕು, ಅದಕ್ಕೆ ಫೇಸು ನ್ಯೂಟ್ರಲ್ಲು ಎರಡೂ ಬಾಕ್ಸಿಗೆ ಬರ್ಬೇಕು. ನಮ್ಮ ಕಡೆ ಸಾಕೆಟ್ ಇರೋ ಬೋರ್ಡಲ್ಲಿ ನ್ಯೂಟ್ರಲ್ ಇದ್ದೇ ಇರುತ್ತೆ, ಸಾಕೆಟ್ಟಿಗೆ ಬೇಕಲ್ಲ. ಬರೀ ಸ್ವಿಚ್ಚಿರೋ ಬೋರ್ಡಿಗೆ, ಅದ್ರಲ್ಲೂ ಮೆಟ್ಟಿಲ ಹತ್ರ ಒಂದೇ ಲೈಟನ್ನ ಮೇಲಿಂದ್ಲೂ ಕೆಳಗಿಂದ್ಲೂ ಆಡಿಸೋ ಟು-ವೇ ಸ್ವಿಚ್ಚಿನ ಬಾಕ್ಸಿಗೆ ಎಳೆದಿರಲ್ಲ. ಈಗ್ಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ಬಾಕ್ಸಿಗೂ ಒಂದೊಂದು ಕರೀ ವೈರು, ಅಂದ್ರೆ ನ್ಯೂಟ್ರಲ್, ಎಳೆಸು, ಒಂದು ಸುರುಳಿ ವೈರು ಜಾಸ್ತಿ ಹೋಗಬಹುದು ಅಷ್ಟೇ, ಪೇಂಟ್ ಆದ್ಮೇಲೆ ಇದೇ ಕೆಲಸಕ್ಕೆ ಎಷ್ಟು ಕೊಡ್ಬೇಕಾಗುತ್ತೋ ನಿಮ್ಮಪ್ಪನ್ನ ಕೇಳು.

ಹಳೇ ಮನೆಗಳಲ್ಲಿ ಬೇರೆ ಗತಿ ಇಲ್ದೇ ನ್ಯೂಟ್ರಲ್ ಬೇಡದ ಮಾಡ್ಯೂಲ್ ಹಾಕ್ತಾರೆ. ಅದು ಬಲ್ಬಿನ ಮೂಲಕಾನೇ ಚೂರು ಕರೆಂಟ್ ಹರಿಸ್ಕೊಂಡು ಜೀವ ಹಿಡ್ಕೊಂಡಿರುತ್ತೆ, 5 ವ್ಯಾಟಿನ ಎಲ್‌ಇಡಿ ಇದ್ರೆ ಆಫ್ ಮಾಡಿದ್ರೂ ಮಿಣಮಿಣ ಅಂತಿರುತ್ತೆ, ಆಮೇಲೆ ಬಲ್ಬಿನ ಹತ್ರ ಆ ಚೂರು ಕರೆಂಟಿಗೆ ಬೇರೆ ದಾರಿ ಕೊಡೋ ಬೈಪಾಸ್ ಕೆಪಾಸಿಟರ್ ಹಾಕಿ ಸಮಾಧಾನ ಮಾಡ್ಬೇಕು. ನಿನಗೆ ಆ ಗ್ರಹಚಾರ ಯಾಕೆ.

ಇಲ್ಲಿ ಎರಡು ಕಳ್ಳದಾರಿ ಅದಾವೆ, ಎರಡಕ್ಕೂ ಒಪ್ಪಬ್ಯಾಡ. ಒಂದು, ನ್ಯೂಟ್ರಲ್ ಸಿಗ್ಲಿಲ್ಲ ಅಂತ ಹಸಿರು ವೈರಿಗೆ, ಅಂದ್ರೆ ಅರ್ಥಿಂಗಿಗೆ ಕೊಡೋದು. ಲೈಟೇನೋ ಹತ್ತುತ್ತೆ, ಆದ್ರೆ ಅರ್ಥ್ ಎಲ್ಲಾದ್ರೂ ಕಿತ್ತೋದ ದಿನ ಆ ಕರೆಂಟು ಫ್ರಿಜ್ಜು ವಾಷಿಂಗ್ ಮೆಷೀನಿನ ಬಾಡಿಗೆ ಬಂದು ಕೂರುತ್ತೆ, ಮುಟ್ಟಿದೋರ ಗತಿ ದೇವರಿಗೇ. ಇನ್ನೊಂದು, ಪಕ್ಕದ ಸರ್ಕ್ಯೂಟಿಂದ ನ್ಯೂಟ್ರಲ್ ಸಾಲ ತರೋದು. ಎರಡು ಸರ್ಕ್ಯೂಟಿಗೆ ಬೇರೆ ಬೇರೆ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್ಚು, ಇದ್ರೆ ಹೋದ ಕರೆಂಟು ವಾಪಸ್ ಬರೋ ಕರೆಂಟು ತಾಳೆ ಆಗಲ್ಲ, ಟಪ್ ಅಂತ ಟ್ರಿಪ್ ಆಗ್ತಾನೇ ಇರುತ್ತೆ, ಕಾರಣ ಹುಡುಕೋಕೆ ದಿನಗಟ್ಟಲೆ ಹೋಗುತ್ತೆ. ಇನ್ನು ಟೆಸ್ಟರ್ ಹತ್ಲಿಲ್ಲ ಅಂದ್ರೆ ಅದು ನ್ಯೂಟ್ರಲ್ಲು ಅನ್ಕೋಬ್ಯಾಡ, ಎಲ್ಲೂ ಸೇರದ ಸತ್ತ ವೈರಿಗೂ ಟೆಸ್ಟರ್ ಹತ್ತಲ್ಲ. ಹೋಲ್ಡರಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಎಲ್ಲಾ ಎಲೆಕ್ಟ್ರಿಷಿಯನ್ ಹತ್ರಾನೂ ಇರುತ್ತೆ, ಅದರ ಒಂದು ತುದಿ ಫೇಸಿಗೆ ಇನ್ನೊಂದು ಆ ಕರೀ ವೈರಿಗೆ ಅವರ ಕೈಲೇ ಹಿಡಿಸು, ಬಲ್ಬ್ ನೆಟ್ಟಗೆ ಉರಿದ್ರೆ ಸರಿ, ಆದ್ರೆ ಅರ್ಥಿಗೆ ಹಿಡಿದ್ರೂ ಹಂಗೇ ಉರಿಯಬಹುದು, ಹಂಗಾಗಿ ಆ ವೈರು ಎಲ್ಲಿಂದ ಬಂದಿದೆ ಅಂತ ಮನೆಯ ಬ್ರೇಕರುಗಳೆಲ್ಲ ಇರೋ ಡಿಬಿ ಬಾಕ್ಸ್‌ವರೆಗೂ ಕೇಳಿ ತಿಳ್ಕೋ.

ಬಾಕ್ಸು ಆಳದ್ದು ಹಾಕ್ಸು, ವೈರು ತುರುಕಿ ಪ್ಲೇಟು ಒತ್ತಿ ಕೂರಿಸಿದ್ರೆ ಬಿಸಿ ಆಗುತ್ತೆ. ತಗಡಿನ ಬಾಕ್ಸು ಗಟ್ಟಿ ನಿಜ, ಆದ್ರೆ ವೈರ್‌ಲೆಸ್ ಸಿಗ್ನಲ್ಲು ತಗಡಿನೊಳಗಿಂದ ಹೊರಗೆ ಬರೋಕೆ ಒದ್ದಾಡುತ್ತೆ.

ಇನ್ನು ಲೋಕಲ್ ಕಂಟ್ರೋಲ್ ವಿಷಯ. ನೀನು ಆ ಡೀಲರ್‌ನ ಕೇಳಿದಾಗ ಆಪ್ ಐತೆ ಸರ್, ಎಲ್ಲಿಂದ ಬೇಕಾದ್ರೂ ಆನ್ ಮಾಡಬಹುದು ಅಂದ್ರಂತೆ. ಅದು ನಾವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ. ಹಾಲಲ್ಲಿ ಕೂತು ಹಾಲಿನ ಲೈಟ್ ಹಾಕಿದ್ರೆ ಆ ಮಾತು ಎಲ್ಲೋ ದೂರದ ಸರ್ವರಿಗೆ ಹೋಗಿ ವಾಪಸ್ ಬರುತ್ತಾ ಇಲ್ಲಾ ಮನೆಯೊಳಗೇ ಮುಗಿಯುತ್ತಾ, ಇದು ಪ್ರಶ್ನೆ. ಅಮೆರಿಕದ ಇನ್‌ಸ್ಟಿಯಾನ್ ಅನ್ನೋ ಕಂಪನಿ 2022ರ ಏಪ್ರಿಲಲ್ಲಿ ಮುನ್ಸೂಚನೆ ಇಲ್ಲದೇ ಸರ್ವರ್ ಬಂದ್ ಮಾಡ್ತು, ಜನರ ಆಪು ಒಂದೇ ಸಲಕ್ಕೆ ನಿಂತ್ಹೋಯ್ತು, ಗೋಡೆ ಸ್ವಿಚ್ಚು ಕೈಲಿ ಒತ್ತಿದ್ರೆ ಕೆಲಸ ಮಾಡ್ತಿದ್ವು, ಸ್ವಿಚ್ಚುಗಳನ್ನ ಆಡಿಸೋ ತಮ್ಮ ಹಬ್ ಪೆಟ್ಟಿಗೆಯನ್ನ ಮನೆಯೊಳಗೇ ಹೋಮ್ ಅಸಿಸ್ಟೆಂಟಿಗೆ ಸೇರಿಸಿದ್ದೋರು ಬಚಾವಾದ್ರು. ಆಮೇಲೆ ಅದನ್ನ ಬಳಸ್ತಿದ್ದೋರೇ ಕೆಲವರು ಸೇರಿ ಕಂಪನಿ ಕೊಂಡು ಮತ್ತೆ ಶುರು ಮಾಡಿದ್ರು ಅನ್ನು, ಎಲ್ಲರಿಗೂ ಅಂಥ ಅದೃಷ್ಟ ಇರಲ್ಲ. ಪರೀಕ್ಷೆ ಸುಲಭ. ರೂಟರ್ ಆನ್ ಇರ್ಲಿ, ಅದಕ್ಕೆ ಹೊರಗಿಂದ ಬರೋ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತು, ಫೋನಲ್ಲಿ ಡೇಟಾ ಆಫ್ ಮಾಡಿ, ಈಗ ಲೈಟ್ ಹಾಕಿ ತೋರ್ಸಿ ಅನ್ನು. ಡೀಲರ್ ತಡವರಿಸಿದ್ರೆ ಚಾ ಕುಡಿದು ಎದ್ದು ಬಾ.

ಯಾವುದು ತಗೋಬೇಕು ಅಂದ್ರೆ ನನ್ನ ಓಟು ಜಿಗ್ಬೀಗೆ, ಅದು ವೈಫೈ ಥರದ್ದೇ ಇನ್ನೊಂದು ವೈರ್‌ಲೆಸ್ ಪದ್ಧತಿ. ಸರ್ವರಿಗೆ ಜಿಗ್ಬೀ ಸಿಗ್ನಲ್ ಹಿಡಿಯೋ ಒಂದು ಯುಎಸ್‌ಬಿ ಡಾಂಗಲ್ ಹಾಕಿದ್ರೆ ಸಾಕು, ಮಾಡ್ಯೂಲುಗಳು ರೂಟರಿನ ತಂಟೆಗೇ ಹೋಗಲ್ಲ, ನ್ಯೂಟ್ರಲ್ ಇರೋ ಮಾಡ್ಯೂಲುಗಳು ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಸಿಗ್ನಲ್ ದಾಟಿಸ್ತಾವೆ, ಹಂಗಾಗಿ ಮೇಲಿನ ಮಹಡಿವರೆಗೂ ಮುಟ್ಟುತ್ತೆ. ನ್ಯೂಟ್ರಲ್ ಇಲ್ಲದವು ಈ ದಾಟಿಸೋ ಕೆಲಸ ಮಾಡಲ್ಲ, ಕರೀ ವೈರಿಗೆ ಅದೊಂದು ಕಾರಣಾನೂ ಸೇರಿಸ್ಕೋ. ಕೊಳ್ಳೋ ಮುಂಚೆ ಜಿಗ್ಬೀ-ಟು-ಎಂಕ್ಯೂಟಿಟಿ ಅನ್ನೋ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಆ ಮಾಡೆಲ್ ನಂಬರ್ ಐತಾ ನೋಡು, ಬರೀ ಕಂಪನಿ ಹೆಸರು ಇದ್ರೆ ಸಾಲದು. ಡಾಂಗಲ್ಲನ್ನ ನೇರ ಲ್ಯಾಪ್‌ಟಾಪಿನ ಯುಎಸ್‌ಬಿ 3 ಕಿಂಡಿಗೆ ಚುಚ್ಚಬ್ಯಾಡ, ಅಲ್ಲಿನ ಗದ್ದಲಕ್ಕೆ ಸಿಗ್ನಲ್ ಕೆಡುತ್ತೆ, ಒಂದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಇಡು. ವೈಫೈಯೂ ಜಿಗ್ಬೀಯೂ ಒಂದೇ 2.4 ಗಿಗಾಹರ್ಟ್ಸಲ್ಲಿ ಓಡಾಡೋದ್ರಿಂದ ರೂಟರನ್ನ ಚಾನಲ್ 1ಕ್ಕೆ ಹಾಕಿ ಜಿಗ್ಬೀನ 20ಕ್ಕೋ 25ಕ್ಕೋ ಇಟ್ರೆ ಇಬ್ಬರಿಗೂ ಜಗಳ ಇರಲ್ಲ.

ವೈಫೈ ಮಾಡ್ಯೂಲ್ ಪೂರ್ತಿ ಕೆಟ್ಟದ್ದು ಅಂತಲ್ಲ. ಶೆಲ್ಲಿ ಕಂಪನಿ ಥರದವು ಇಂಟರ್ನೆಟ್ ಇಲ್ಲದೇನೂ ಮನೆಯೊಳಗೇ ಮಾತಾಡ್ತಾವೆ, ಮ್ಯಾಟರ್ ಅಂತ 2022ರಲ್ಲಿ ಬಂದ ಸ್ಟಾಂಡರ್ಡೂ ಲೋಕಲ್ ಆಗೇ ನಡೆಯೋಕೆ ಅಂತಾನೇ ಮಾಡಿರೋದು. ನಾಲ್ಕೈದು ಪಾಯಿಂಟ್ ಆದ್ರೆ ಅವೇ ಸಾಕು, ಇಪ್ಪತ್ತು ಮಾಡ್ಯೂಲ್ ಹಾಕಿದ್ರೆ ಅಗ್ಗದ ರೂಟರ್ ಸುಸ್ತಾಗುತ್ತೆ. ಅಗ್ಗದ ವೈಫೈ ಸ್ವಿಚ್ ತಂದು, ಒಳಗಿನ ಸಾಫ್ಟ್‌ವೇರ್ ಅಂದ್ರೆ ಫರ್ಮ್‌ವೇರ್ ತೆಗೆದು, ಟ್ಯಾಸ್ಮೋಟ ಅನ್ನೋದನ್ನ ಹಾಕ್ತೀನಿ ಅಂತಿದ್ದೆಯಲ್ಲ, ಮೊದಲು ಅದ್ರಲ್ಲಿ ಇಎಸ್‌ಪಿ ಚಿಪ್ಪು ಇರ್ತಿತ್ತು, ಈಗ ಬಾಳಷ್ಟರಲ್ಲಿ ಬೇಕನ್ ಚಿಪ್ಪು ಬರ್ತಿದೆ, ಅದಕ್ಕೆ ಟ್ಯಾಸ್ಮೋಟ ಕೂರಲ್ಲ, ಬೇರೆ ಫರ್ಮ್‌ವೇರ್ ಹುಡುಕ್ಬೇಕು. ಅಷ್ಟಾದ್ರೂ ಮಾಡ್ತೀನಿ ಅಂದ್ರೆ ಒಂದು ಮಾತು ನೆನಪಿರ್ಲಿ, ಮಾಡ್ಯೂಲಿಗೆ 230 ವೋಲ್ಟ್ ಕೊಟ್ಟಿರುವಾಗ ಕಂಪ್ಯೂಟರಿನ ವೈರು ಅದಕ್ಕೆ ಚುಚ್ಚಕೂಡದು. ಒಳಗೆ ಐಸೋಲೇಶನ್ ಇರಲ್ಲ, ಗ್ರೌಂಡ್ ಪಿನ್ನಿಗೂ ಫೇಸ್ ಇರಬಹುದು, ಲ್ಯಾಪ್‌ಟಾಪ್ ಹೋದ್ರೆ ಹೋಗ್ಲಿ, ನೀನು ಬೇಕು ನಮಗೆ.

ನಿಮ್ಮ ಭಾವ ಅಮೆರಿಕದಿಂದ ಝಡ್-ವೇವ್ ಅನ್ನೋ ಇನ್ನೊಂದು ವೈರ್‌ಲೆಸ್ ಪದ್ಧತಿಯ ಸ್ವಿಚ್ ತರ್ತೀನಿ ಅಂದ್ರಂತೆ, ಬ್ಯಾಡ ಅನ್ನು. ಅಲ್ಲಿನ ಸಿಗ್ನಲ್ಲು 908 ಮೆಗಾಹರ್ಟ್ಸ್, ನಮ್ಮದು 865, ಅದೂ ಅಲ್ದೇ ಅಲ್ಲಿ 120 ವೋಲ್ಟು, ಪ್ಲೇಟಿನ ಅಳತೇನೇ ಬೇರೆ. ಬಾದಾಮಿ ತಂದ್ರೆ ತರ್ಲಿ.

ವೈರಿಂಗ್ ಮಾಡೋರಿಗೆ ಇನ್ನೊಂದು ಒತ್ತಿ ಹೇಳು. ಸ್ವಿಚ್ಚಿನ ಎರಡು ವೈರು ಹೋಗೋ ಎಸ್1 ಎಸ್2 ಅನ್ನೋ ಕಿಂಡಿ ಇರುತ್ತಲ್ಲ, ಸೋನಾಫ್ ಮಿನಿ ಥರದ ಮಾಡ್ಯೂಲುಗಳಲ್ಲಿ ಅಲ್ಲಿಗೆ ಫೇಸ್ ಕೊಟ್ರೆ ಮಾಡ್ಯೂಲ್ ಢಂ. ಶೆಲ್ಲಿ ರಿಲೇಗಳಲ್ಲಿ ಉಲ್ಟಾ, ಸ್ವಿಚ್ಚಿನಿಂದ ಫೇಸೇ ಬರ್ಬೇಕು. ಒಂದರ ಅಭ್ಯಾಸದಲ್ಲಿ ಇನ್ನೊಂದನ್ನ ಕಟ್ಟಿಬಿಡ್ತಾರೆ, ಡಬ್ಬಿಯೊಳಗಿನ ಚಿತ್ರ ಮುಂದಿಟ್ಟು ಮಾಡ್ಸು.

ಲೋಡು ನೋಡ್ಕೋ. 3000 ವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತೆ, 10 ಆಂಪಿಯರ್ ಅಂತ ಬರ್ದಿರೋ ಪುಟ್ಟ ರಿಲೇಗೆ ಅದನ್ನ ಕಟ್ಟಿದ್ರೆ ಒಳಗಿನ ಕಾಂಟ್ಯಾಕ್ಟ್ ಅಂಟ್ಕೊಂಡು ಆಫ್ ಆಗೋದೇ ಇಲ್ಲ. ಸಂಪಿನ ಮೋಟರು ಸ್ಟಾರ್ಟ್ ಆಗುವಾಗ ಓಡೋ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ. ಇವೆರಡಕ್ಕೂ ನಡುವೆ ಕಾಂಟ್ಯಾಕ್ಟರ್, ಅಂದ್ರೆ ಜಾಸ್ತಿ ಕರೆಂಟ್ ತಡೆಯೋ ದೊಡ್ಡ ರಿಲೇ, ಹಾಕ್ಸು, ನಮ್ಮ ಪುಟ್ಟ ರಿಲೇ ಅದರ ಕಾಯಿಲನ್ನ ಮಾತ್ರ ಆಡಿಸ್ಲಿ. ಫ್ಯಾನಿಗೆ ಲೈಟಿನ ಡಿಮ್ಮರ್ ಹಾಕಿದ್ರೆ ಹೂಂಗುಟ್ಟುತ್ತೆ, ಬಿಎಲ್‌ಡಿಸಿ ಅನ್ನೋ ಕಮ್ಮಿ ಕರೆಂಟಿನ ಫ್ಯಾನಿಗಂತೂ ಯಾವ ರೆಗ್ಯುಲೇಟರೂ ಬ್ಯಾಡ, ಅದರ ರಿಮೋಟೇ ಸಾಕು.

ಮಳೆಗಾಲದಲ್ಲಿ ಕರೆಂಟು ಹೋಗಿ ಬರೋದು ಇದ್ದಿದ್ದೇ. ಕರೆಂಟ್ ಬಂದಾಗ ಮಾಡ್ಯೂಲ್ ಆನ್ ಆಗಿ ಏಳ್ಬೇಕಾ, ಆಫ್ ಆಗಿರ್ಬೇಕಾ, ಮುಂಚೆ ಹೆಂಗಿತ್ತೋ ಹಂಗಿರ್ಬೇಕಾ ಅಂತ ಒಂದು ಸೆಟಿಂಗ್ ಇರುತ್ತೆ. ಅದಿಲ್ಲದ ಮಾಡೆಲ್ ಪುಕ್ಕಟೆ ಕೊಟ್ರೂ ತಗೋಬ್ಯಾಡ, ನಸುಕಿನ ಮೂರಕ್ಕೆ ಕರೆಂಟ್ ಬಂದು ಮನೆ ಪೂರ್ತಿ ಲೈಟು ಒಮ್ಮೆಲೇ ಹತ್ಕೊಂಡ್ರೆ ನಿಮ್ಮಪ್ಪ ಮಾರನೇ ದಿನವೇ ಎಲ್ಲ ಕಿತ್ತು ಬಿಸಾಕ್ತಾರೆ. ರೂಟರು, ಸರ್ವರು ಎರಡನ್ನೂ ಯುಪಿಎಸ್ ಲೈನಿಗೆ ಹಾಕು.

ಎಲ್ಲಾ ಪಾಯಿಂಟೂ ಸ್ಮಾರ್ಟ್ ಆಗ್ಬೇಕು ಅನ್ನೋ ಹಠ ಬಿಡು. ಒಂದೊಂದು ಮಾಡ್ಯೂಲ್ ಸುಮ್ನೆ ಕೂತಿದ್ದಾಗ ಒಂದು ವ್ಯಾಟ್ ತಿನ್ನುತ್ತೆ ಅನ್ಕೋ, ಇಪ್ಪತ್ತಕ್ಕೆ ತಿಂಗಳಿಗೆ ಹತ್ತತ್ರ 14 ಯೂನಿಟ್, ಗೃಹಜ್ಯೋತಿ ಲೆಕ್ಕ ಹಾಕೋ ನಿಮ್ಮಮ್ಮನಿಗೆ ಅದೇನು ಸಣ್ಣದಲ್ಲ. ಬಾಗಿಲ ಹೊರಗಿನ ಲೈಟು, ಗೇಟಿಂದು, ಮೆಟ್ಟಿಲದ್ದು, ಹಾಲಿನ ಎರಡು, ಬಚ್ಚಲ ದಾರೀದು, ಸಂಪಿನ ಮೋಟರು, ಇಷ್ಟರಲ್ಲೇ ಉಪಯೋಗ ಇರೋದು. ಗೇಟಿನ ಲೈಟು ಸೂರ್ಯ ಮುಳುಗಿದ ಹೊತ್ತಿಗೆ ತಾನೇ ಹತ್ತುತ್ತೆ, ಆ ಹೊತ್ತನ್ನ ಹೋಮ್ ಅಸಿಸ್ಟೆಂಟು ಊರಿನ ಅಕ್ಷಾಂಶ ರೇಖಾಂಶ ಇಟ್ಕೊಂಡು ತಾನೇ ಲೆಕ್ಕ ಹಾಕುತ್ತೆ, ಅದಕ್ಕೂ ಇಂಟರ್ನೆಟ್ ಬ್ಯಾಡ. ಸ್ಟೋರ್‌ರೂಮಿಗೆ ಬರೀ ಸ್ವಿಚ್ಚು ಸಾಕು. ನ್ಯೂಟ್ರಲ್ ಮಾತ್ರ ಎಲ್ಲಾ ಬಾಕ್ಸಿಗೂ ಬರ್ಲಿ, ಮುಂದೆ ಮನಸ್ಸಾದ್ರೆ ಹಾಕ್ಕೋಬಹುದು.

ಮೊದ್ಲು ಒಂದೇ ಡಾಂಗಲ್ಲು ಎರಡೇ ಮಾಡ್ಯೂಲು ತರ್ಸು, ನಮ್ಮ ಮನೇಲಿ ಹಲಗೆ ಮೇಲೆ ಕಟ್ಟಿ ನೋಡಾಣ, ಸರಿ ಅನ್ಸಿದ್ರೆ ಮಿಕ್ಕಿದ್ದಕ್ಕೆ ಆರ್ಡರ್. ಪ್ಲಾಸ್ಟರ್ ಮಾಡೋರು ಬಾಕ್ಸು ಮುಚ್ಚೋಕೆ ಮುಂಚೆ ಪ್ರತಿ ಗೋಡೇದೂ ಪೈಪು ಹೋಗಿರೋ ಜಾಗದ್ದು ಫೋಟೋ ಹೊಡೆದು ರೂಮಿನ ಹೆಸರು ಹಾಕಿ ಇಡು. ಆ ಕೊಟೇಶನ್‌ನೋರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ರೆ ಇವತ್ತೇ ಫೋನ್ ಮಾಡಿ ನಿಲ್ಸು, ಎಲೆಕ್ಟ್ರಿಷಿಯನ್ ನಂಬರ್ ನನಗೆ ಕಳ್ಸು, ನ್ಯೂಟ್ರಲ್ ಮಾತು ನಾನೇ ಆಡ್ತೀನಿ.

ನಿನ್ನ ದೊಡ್ಡಮ್ಮ