ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ: ಅಣ್ಣನಿಗೊಂದು ಪತ್ರ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಣ್ಣ,

ನಿನಗೂ ಅತ್ತಿಗೆಗೂ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು. ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾತು ಎತ್ತಿದ ಕೂಡಲೇ ತೋಟದಲ್ಲಿ ಆಳುಗಳು ಕಾಯ್ತಿದ್ದಾರೆ ಅಂತ ನೀನು ಫೋನ್ ಇಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅತ್ತಿಗೆಯನ್ನೂ ನಿನ್ನ ಮಗಳು ಪುಟ್ಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು.

ಪುಟ್ಟಿಯ ಜೀವನಾಂಶದ ಅರ್ಜಿ ಈ ತಿಂಗಳೇ ಕೋರ್ಟಿಗೆ ಹೋಗಬೇಕು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಅದು ಯಾಕೆ ಅನ್ನೋದಕ್ಕೆ.

ಅವಳು ಗಂಡನ ಮನೆ ಬಿಟ್ಟು ಮಗುವನ್ನು ಕರೆದುಕೊಂಡು ಸೋಮವಾರಪೇಟೆಗೆ ವಾಪಸ್ ಬಂದಾಗ ಮಳೆಗಾಲ. ಮಳೆ ಕಳೆಯಲಿ ಅಂದಿರಿ. ಆಮೇಲೆ ಹುತ್ತರಿ ಹಬ್ಬ ಆಗಲಿ ಅಂದಿರಿ. ಈಗ ಕಾಫಿ ಕುಯ್ಲು ಮುಗಿಯಲಿ ಅನ್ನುತ್ತಿದ್ದೀರಿ. ಕುಯ್ಲು ಮುಗಿದರೆ ಮೆಣಸು, ಅದು ಮುಗಿಯುವಷ್ಟರಲ್ಲಿ ಹೂಮಳೆ ಬಂತಾ ಇಲ್ಲವಾ ಅನ್ನೋ ಚಿಂತೆ. ತೋಟದವರ ಮನೆಯಲ್ಲಿ ಪುರುಸೊತ್ತಿನ ತಿಂಗಳು ಅಂತ ಒಂದಿಲ್ಲ ಅಣ್ಣ, ನನಗೂ ಗೊತ್ತು. ಆದರೆ ಹೀಗೆ ಮುಂದಕ್ಕೆ ಹಾಕಿದ ಒಂದೊಂದು ತಿಂಗಳ ದುಡ್ಡೂ ಪುಟ್ಟಿಯ ಕೈ ತಪ್ಪಿ ಹೋಗುತ್ತಿದೆ. ಅದು ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತೆ.

ಲೆಕ್ಕ ಹೀಗಿದೆ. ಗಂಡ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಕೋರ್ಟು ಆದೇಶ ಮಾಡುವ ಹೊತ್ತಿಗೆ ವರ್ಷವೋ ಎರಡು ವರ್ಷವೋ ಆಗಿರುತ್ತೆ. ಆ ಆದೇಶ ಯಾವ ದಿನದಿಂದ ಜಾರಿ ಅನ್ನೋದೇ ದೊಡ್ಡ ಪ್ರಶ್ನೆ. ಆದೇಶದ ದಿನದಿಂದಲೋ, ಅರ್ಜಿ ಹಾಕಿದ ದಿನದಿಂದಲೋ? ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ ಜೀವನಾಂಶಕ್ಕಿದ್ದ 125ನೇ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ, 2024ರ ಜುಲೈ 1ರಿಂದ. ಅದರಲ್ಲಿ ಎರಡಕ್ಕೂ ಅವಕಾಶವಿದೆ. ಆದೇಶದ ದಿನದಿಂದ, ಇಲ್ಲವೇ ಕೋರ್ಟು ಹಾಗೆ ಹೇಳಿದರೆ ಅರ್ಜಿಯ ದಿನದಿಂದ. ಮೊದಲೆಲ್ಲ ಒಂದೊಂದು ಕೋರ್ಟು ಒಂದೊಂದು ರೀತಿ ಮಾಡುತ್ತಿತ್ತು. ಗಂಡನಿಗೆ ಸಮನ್ಸ್ ತಲುಪಿದ ದಿನದಿಂದ ಅಂತ ಕೊಟ್ಟವರೂ ಇದ್ದರು.

ಆ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ಬಗೆಹರಿಸಿತು. ರಜನೇಶ್ ವಿರುದ್ಧ ನೇಹಾ ಅನ್ನೋ ಕೇಸು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂತ ಎಲ್ಲ ಕೋರ್ಟುಗಳಿಗೂ ಹೇಳಿತು. ಆ ಕೇಸಿನಲ್ಲಿ ನಾಗಪುರದ ಫ್ಯಾಮಿಲಿ ಕೋರ್ಟು ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ತನಕದ ಆದೇಶ, ಮಾಡಿದ್ದು 2015ರ ಆಗಸ್ಟ್‌ನಲ್ಲಿ. ಆದರೆ ಹೆಂಡತಿಗೆ ತಿಂಗಳಿಗೆ 15,000 ರೂಪಾಯಿ ಅಂತ ಲೆಕ್ಕ ಶುರು ಮಾಡಿದ್ದು 2013ರ ಸೆಪ್ಟೆಂಬರ್ 1ರಿಂದ. ಆ ಬಾಕಿಯೆಲ್ಲ ಕಟ್ಟು ಅಂತ ಸುಪ್ರೀಂ ಕೋರ್ಟು ಕೊನೆಗೆ ಗಂಡನಿಗೆ ಹೇಳಿತು.

ಹೀಗಿರುವುದೇ ಸರಿ ಅಂತ ನನ್ನ ಮನಸ್ಸೂ ಹೇಳುತ್ತೆ. ಕೇಸು ತಡವಾಗುವುದು ಅರ್ಜಿ ಹಾಕಿದವಳ ತಪ್ಪಲ್ಲ. ವಕೀಲರು ವಾಯಿದೆ ಕೇಳುತ್ತಾರೆ, ಜಡ್ಜ್ ವರ್ಗವಾಗುತ್ತಾರೆ, ಸಮನ್ಸ್ ತಲುಪುವುದೇ ಇಲ್ಲ. ಆ ತಿಂಗಳುಗಳಲ್ಲಿ ಮಗು ಊಟ ಮಾಡದೆ ಇರುತ್ತಾ? ಆದೇಶದ ದಿನದಿಂದ ಅಂತ ಬಿಟ್ಟರೆ ಎಳೆದಾಡಿದವರಿಗೇ ಲಾಭ. ಎಷ್ಟು ಎಳೆದರೆ ಅಷ್ಟು ಉಳಿತಾಯ. ಅಂಥ ಲಾಭ ಯಾರಿಗೂ ಸಿಗಬಾರದು.

ಈಗ ನಮ್ಮ ಮನೆಗೆ ಬಾ. ಸುಮ್ನೆ ಒಂದು ಅಂದಾಜು. ತಿಂಗಳಿಗೆ 10,000 ಅಂತ ಕೋರ್ಟು ಗೊತ್ತು ಮಾಡಿತು, ಕೇಸು ಒಂದೂವರೆ ವರ್ಷ ನಡೆಯಿತು ಅಂತ ಇಟ್ಟುಕೋ. ಅರ್ಜಿಯ ದಿನದಿಂದ ಲೆಕ್ಕ ಹಾಕಿದರೆ ಆದೇಶದ ದಿನಕ್ಕೆ 1,80,000 ಬಾಕಿ ಬರಬೇಕಾಗಿರುತ್ತೆ. ಆ ಅರ್ಜಿಯನ್ನು ನೀವು ಆರು ತಿಂಗಳು ತಡವಾಗಿ ಹಾಕಿದರೆ ಆ ಆರು ತಿಂಗಳ 60,000 ಈ ಅರ್ಜಿಯಲ್ಲಿ ಸಿಗುವುದಿಲ್ಲ. ಅವಳು ಮನೆ ಬಿಟ್ಟು ಬಂದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ ಅಣ್ಣ. ಅರ್ಜಿ ಕೊಟ್ಟ ದಿನ ಮಾತ್ರ ಬರುತ್ತೆ. ಹಿಂದಿನ ಬಾಕಿಗೆ ಬೇರೆ ಸಿವಿಲ್ ದಾವೆ ಹೂಡುವ ದಾರಿ ಇದೆ, ವಕೀಲರನ್ನು ಕೇಳಿ ನೋಡು. ಆದರೆ ಅದು ಉದ್ದದ ದಾರಿ.

ಹೋದ ವಾರ ಅತ್ತಿಗೆ ವಿಡಿಯೋ ಕಾಲ್‌ನಲ್ಲಿ ಮನೆ ಖರ್ಚಿನ ಪುಸ್ತಕ ತೋರಿಸಿದರು. ಸ್ಕೂಲ್ ಫೀಸ್, ವ್ಯಾನ್ ಬಾಡಿಗೆ, ಕೆಮ್ಮಿನ ಔಷಧಿ, ಮಗುವಿಗೊಂದು ಸ್ವೆಟರ್, ರೇನ್‌ಕೋಟ್. ಎಲ್ಲದರ ಮುಂದೆ ಪೆನ್ಸಿಲ್‌ನಲ್ಲಿ ಟಿಕ್. ಫೀಸಿನ ಮುಂದೆ 'ಮೆಣಸು' ಅಂತ ಬರೆದಿದ್ದರು. ಉಳಿಸಿಟ್ಟ ಹಳೇ ಮೆಣಸಿನ ಮೂಟೆ ಮಾರಿ ಕಟ್ಟಿದ್ದಂತೆ. ನೀವು ಇಷ್ಟೆಲ್ಲ ಮಾಡುತ್ತಿರುವುದು ಪ್ರೀತಿಯಿಂದ. ಆದರೆ ಆ ಮಗುವಿಗೆ ಅಪ್ಪ ಇದ್ದಾನೆ. ಅವನ ಪಾಲು ಅವನು ಕೊಡಬೇಕಲ್ವಾ? ಆ ಪುಸ್ತಕವನ್ನು ಅತ್ತಿಗೆ ಜೋಪಾನವಾಗಿ ಇಟ್ಟುಕೊಳ್ಳಲಿ. ರಸೀದಿಗಳನ್ನೂ ಬಿಸಾಡಬಾರದು. ಅದು ಕೋರ್ಟಿನಲ್ಲಿ ಬೇಕಾಗುತ್ತೆ.

ಇಲ್ಲಿ ನಾನು ಕೆಲಸ ಮಾಡುವುದು ವಕೀಲರ ಆಫೀಸಿನಲ್ಲಿ ಅಂತ ನಿನಗೆ ಗೊತ್ತು. ಯಾರ ಮನೆಯ ಕತೆಯನ್ನೂ ಹೊರಗೆ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಕಾನೂನು ಮಾತ್ರ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಆಕ್ಟ್ ಅಂತ ಇದೆ. ಅದರ 28ನೇ ಸೆಕ್ಷನ್ ಪ್ರಕಾರ ಜೀವನಾಂಶವನ್ನು ಹಿಂದಿನ ತಾರೀಖಿನಿಂದ ಕೊಡಬಹುದು, ಆದರೆ ಅರ್ಜಿ ಹಾಕಿದ ದಿನಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ಇಲ್ಲಿ ಅದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಕೇಳಬೇಕು, ಯಾಕೆ ಬೇಕು ಅಂತ ತೋರಿಸಬೇಕು. ಒಂದು ವರ್ಷಕ್ಕಿಂತ ಹಳೆಯ ಬಾಕಿ ವಸೂಲಿ ಮಾಡಲು ಮತ್ತೆ ಕೋರ್ಟಿನ ಅನುಮತಿ ತೆಗೆದುಕೊಳ್ಳಬೇಕು. ನಮ್ಮಲ್ಲೂ ಹೆಚ್ಚು ಕಡಿಮೆ ಇಂಥದ್ದೇ ಒಂದು ಗಡುವು ಇದೆ. 144ನೇ ಸೆಕ್ಷನ್ ಕೆಳಗೆ ಬಾಕಿ ವಸೂಲಿಗೆ ವಾರಂಟ್ ಕೇಳಿ ಅರ್ಜಿ ಹಾಕಬೇಕಾದರೆ ಹಣ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು. ಆದೇಶ ಬಂದ ಮೇಲೂ 'ಕೊಟ್ಟಾನು ಬಿಡು' ಅಂತ ಕೂರಬಾರದು ಅನ್ನೋದಕ್ಕೆ ಇದನ್ನು ಹೇಳಿದೆ. ಎರಡು ದೇಶದ ಕಾನೂನೂ ಸುಮ್ಮನೆ ಕೂತವರಿಗೆ ಸಹಾಯ ಮಾಡುವುದಿಲ್ಲ.

ಸುಪ್ರೀಂ ಕೋರ್ಟು ಹೇಳಿದೆ ಅಂತ ತಾನಾಗಿಯೇ ಸಿಗುತ್ತೆ ಅಂದುಕೊಳ್ಳಬೇಡ. 'ಅರ್ಜಿಯ ದಿನಾಂಕದಿಂದ ಕೊಡಿಸಬೇಕು' ಅಂತ ಅರ್ಜಿಯ ಕೊನೆಯಲ್ಲಿ ಸ್ಪಷ್ಟವಾಗಿ ಬರೆಸು. ಮಧ್ಯಂತರ ಜೀವನಾಂಶವನ್ನೂ ಅದರ ಜೊತೆಗೇ ಕೇಳಲಿ. ಅವಳು ಈಗ ನಿಮ್ಮ ಜೊತೆ ಇರುವುದರಿಂದ ನಮ್ಮ ಜಿಲ್ಲೆಯಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ವಕೀಲರ ಫೀಸಿಗೆ ಹೆದರಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, 1987ರ ಕಾಯ್ದೆಯಲ್ಲೇ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅಲ್ಲಿ ಕೇಳಿ. ಬೇರೆ ವಕೀಲರನ್ನು ಇಟ್ಟುಕೊಂಡರೆ ಫೀಸು ನಾನು ಕಳಿಸುತ್ತೇನೆ.

ಇನ್ನು ಪುಟ್ಟಿಯ ಗಂಡನ ಮನೆಯವರ ತೋಟದ ವಿಷಯ. ಇದೇ ಕಷ್ಟದ್ದು. 'ತೋಟ ಅಪ್ಪನ ಹೆಸರಲ್ಲಿದೆ, ನನಗೆ ಸಂಬಳ ಇಲ್ಲ' ಅಂತ ಅಳಿಯ ಹೇಳಿದ್ದಾನಂತೆ. ನಮ್ಮ ಕಡೆ ಇದು ಸಾಮಾನ್ಯವಾಗಿ ಬರುವ ಉತ್ತರ. ಸುಪ್ರೀಂ ಕೋರ್ಟು ಅದೇ ತೀರ್ಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯವನ್ನೆಲ್ಲ ಪ್ರಮಾಣ ಮಾಡಿ ಬರೆದ ಅಫಿಡವಿಟ್ ಸಲ್ಲಿಸಬೇಕು ಅಂತ ಮಾಡಿದೆ. ಕೃಷಿಯವರಿಗೆ ಬೇರೆ ನಮೂನೆಯೇ ಇದೆ. ಜಮೀನು ಎಷ್ಟು, ಏನು ಬೆಳೆ, ಇಂಥದ್ದೆಲ್ಲ ಅದರಲ್ಲಿ ಬರೆಯಬೇಕು. ಕಾಫಿಯಲ್ಲಿ ತಿಂಗಳ ಸಂಬಳ ಇರಲ್ಲ, ವರ್ಷಕ್ಕೊಮ್ಮೆ ದುಡ್ಡು ಬರುತ್ತೆ. ಅದು ಜಡ್ಜ್‌ಗೆ ಅರ್ಥವಾಗುವ ಹಾಗೆ ನಾವು ತೋರಿಸಬೇಕು. ಸಿದ್ದಾಪುರದ ಕಡೆ ಇರುವ ಆ ತೋಟದ ಪಹಣಿ ತೆಗೆಸು. ಅದು ಯಾರಿಗೆ ಬೇಕಾದರೂ ಸಿಗುತ್ತೆ. ಮದುವೆಯಾದ ಮೇಲೆ ಪುಟ್ಟಿ ಅಲ್ಲಿದ್ದಾಗ ಎಷ್ಟು ಮೂಟೆ ಹೋಗುತ್ತಿತ್ತು, ಯಾರಿಗೆ ಮಾರುತ್ತಿದ್ದರು, ಕಣದ ಲೆಕ್ಕ ಯಾರು ಬರೆಯುತ್ತಿದ್ದರು, ಅವಳಿಗೆ ನೆನಪಿರುವುದನ್ನೆಲ್ಲ ಬರೆದಿಡಲಿ. 2024ರಲ್ಲಿ ರೊಬಸ್ಟಾ ಕಾಫಿ ರೇಟು ಎಷ್ಟು ಏರಿತು ಅಂತ ನಿನಗೆ ನಾನು ಹೇಳಬೇಕಾ?

ಆದರೆ ಒಂದು ಮಾತು. ನಮ್ಮ ಕಡೆಯಿಂದ ಒಂದು ಸುಳ್ಳೂ ಹೋಗಬಾರದು. ಪುಟ್ಟಿ ನರ್ಸರಿ ಸ್ಕೂಲಿನಲ್ಲಿ ಪಾಠ ಮಾಡಿ ತರುವ ಸಂಬಳ ಅವಳೂ ಬರೆಯಬೇಕು. ಸಂಬಳ ಇದೆ ಅನ್ನೋ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮುಚ್ಚಿಟ್ಟರೆ ಮಾತ್ರ ಕಷ್ಟ. ಮಗುವಿನ ಹುಟ್ಟುಹಬ್ಬಕ್ಕೆ ಅವನು ಕೊಟ್ಟ ಹಣವನ್ನೂ ಹೇಳಲಿ. ಕೊಟ್ಟದ್ದನ್ನು ಕೋರ್ಟು ಲೆಕ್ಕಕ್ಕೆ ಹಿಡಿಯಬಹುದು.

ಅವನ ಬಗ್ಗೆಯೂ ನಾನು ಯೋಚಿಸಿದ್ದೇನೆ ಅಣ್ಣ. ಅವನು ಕೆಟ್ಟವನು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಎರಡು ವರ್ಷ ಆದ ಮೇಲೆ ಒಂದೇ ಸಲ ಲಕ್ಷಗಟ್ಟಲೆ ಬಾಕಿ ಕಟ್ಟು ಅಂದರೆ ಯಾರಿಗಾದರೂ ಕಷ್ಟವೇ. ಅದಕ್ಕೆ ಮದ್ದು ಅವನ ಕೈಯಲ್ಲೇ ಇದೆ. ಇವತ್ತಿನಿಂದಲೇ ತಿಂಗಳಿಗೆ ತನಗೆ ಆಗುವಷ್ಟು ಮಗುವಿನ ಹೆಸರಿಗೆ ಬ್ಯಾಂಕಿಗೆ ಹಾಕಲಿ. ಬಾಕಿ ಬೆಳೆಯುವುದಿಲ್ಲ. ಮುಂದೆ ಅವನ ಆದಾಯ ನಿಜವಾಗಲೂ ಕುಸಿದರೆ ಜೀವನಾಂಶ ಕಡಿಮೆ ಮಾಡಿ ಅಂತ ಅವನೂ ಅರ್ಜಿ ಹಾಕಬಹುದು. ಕೂರ್ಗಿನಲ್ಲಿ ಮಳೆ ಜಾಸ್ತಿಯಾದರೆ ಬೆಳೆ ಉದುರುತ್ತೆ, ಅದು ಸುಳ್ಳಲ್ಲ. ಇದನ್ನು ನೀನೇ ಅವನ ಅಪ್ಪನಿಗೆ ನೇರವಾಗಿ ಹೇಳು. ನಿಮ್ಮಿಬ್ಬರ ನಡುವೆ ಇನ್ನೂ ಮಾತಿದೆ.

ಹಿರಿಯರು ಕೂತು ಮಾತಾಡುತ್ತಾರೆ, ಈಗ ಕೋರ್ಟಿಗೆ ಹೋದರೆ ಮಾತು ಮುರಿಯುತ್ತೆ ಅಂತ ನೀನು ಹೇಳುತ್ತೀಯ. ಮುರಿಯುವುದಿಲ್ಲ. ಅರ್ಜಿ ಹಾಕಿದ ಮೇಲೂ ಕೂತು ಮಾತಾಡಬಹುದು. ರಾಜಿಯಾದರೆ ಅರ್ಜಿ ವಾಪಸ್ ತೆಗೆದುಕೊಳ್ಳಬಹುದು. ಹಾಕದೆ ಬಿಟ್ಟ ತಿಂಗಳನ್ನು ಮಾತ್ರ ಆ ಅರ್ಜಿಯಲ್ಲಿ ವಾಪಸ್ ತರಲಾಗುವುದಿಲ್ಲ. ಅವರ ಕಡೆಯವರು ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳೋಣ, ದುಡ್ಡಿನ ಮಾತು ಆಮೇಲೆ ಅಂದಿದ್ದಾರೆ ಅಂತ ಪುಟ್ಟಿ ಹೇಳಿದಳು. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಂಥ ಕಾಗದದಲ್ಲಿ 'ಇನ್ನು ಮುಂದೆ ಯಾವ ಬಾಕಿಯೂ ಇಲ್ಲ' ಅಂತ ಒಂದು ಸಾಲು ಸೇರಿಸುತ್ತಾರೆ. ವಕೀಲರು ಓದಿ ಹೇಳುವ ತನಕ, ಇಲ್ಲಿಯವರೆಗಿನ ಬಾಕಿ ಎಷ್ಟು ಅಂತ ಬರೆದು ಮುಗಿಸುವ ತನಕ, ಅವಳು ಸಹಿ ಹಾಕಬಾರದು. ಅವಳಿಗೆ ಇದನ್ನು ಬಾಯಿಬಿಟ್ಟು ಹೇಳು. ಅವಳು ನಿನ್ನ ಮುಖ ನೋಡಿ ಯಾವುದಕ್ಕೂ ತಲೆಯಾಡಿಸುವ ಮಗಳು. ನೀನು ಬೇಸರಪಟ್ಟುಕೊಂಡಿದ್ದೀಯ ಅಂತ ಅನ್ನಿಸಿದರೆ ಎಲ್ಲಿ ಬೇಕಾದರೂ ಸಹಿ ಹಾಕುತ್ತಾಳೆ.

ಜನ ಏನಂದಾರು ಅನ್ನೋ ಮಾತು ಅಮ್ಮ ಎತ್ತಬಹುದು. ನಾನೇ ಅಮ್ಮನ ಹತ್ತಿರ ಮಾತಾಡುತ್ತೇನೆ, ನೀನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ವಕೀಲರ ಹತ್ತಿರ ಹೋಗುವಾಗ ಮದುವೆಯ ಫೋಟೋ, ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಇಬ್ಬರ ಆಧಾರ್, ಪುಟ್ಟಿಯ ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ. ನನ್ನನ್ನೂ ಫೋನಿನಲ್ಲಿ ಸೇರಿಸಿಕೋ. ಅಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿದರೆ ಇಲ್ಲಿ ಬೆಳಗಾಗಿರುತ್ತೆ, ಯಾವ ದಿನವಾದರೂ ಸರಿ. ಅರ್ಜಿ ನಂಬರು ಸಿಕ್ಕಿದ ಕೂಡಲೇ ಮೆಸೇಜ್ ಹಾಕು.

ಅಮ್ಮನಿಗೆ, ಅತ್ತಿಗೆಗೆ ನಮಸ್ಕಾರ. ಪುಟ್ಟಿಗೂ ಮಗುವಿಗೂ ಮುತ್ತು.

ನಿನ್ನ ಪ್ರೀತಿಯ ತಂಗಿ